ಕರುಣೆ: ಕ್ರೈಸ್ತ ಶಿಷ್ಯತ್ವದ ಗುರುತು

ಸಂಕಟದಲ್ಲಿರುವವರ ನೋವಿಗೆ ಮನಕರಗಿ ಅದನ್ನು ನೀಗಿಸಲು ಮುಂದಾಗುವುದನ್ನೂ, ತಪ್ಪು ಮಾಡಿದವರನ್ನು ಶಿಕ್ಷಿಸುವ ಹಕ್ಕಿದ್ದರೂ ಅದನ್ನು ಬಿಟ್ಟುಕೊಟ್ಟು ಕ್ಷಮಿಸುವುದನ್ನೂ ಕ್ರೈಸ್ತ ಧರ್ಮಚಿಂತನೆಯಲ್ಲಿ ಒಟ್ಟಾಗಿ ಕರುಣೆ ಎಂದು ಕರೆಯಲಾಗುತ್ತದೆ. ಯೇಸುವನ್ನು ಗುರುವೆಂದು ಒಪ್ಪಿ ಅವನ ನಡೆಯನ್ನು ತನ್ನ ನಡೆಯಾಗಿಸಿಕೊಳ್ಳುವ ಜೀವನಕ್ರಮವೇ ಶಿಷ್ಯತ್ವವಾಗಿದ್ದು, ಹೊಸ ಒಡಂಬಡಿಕೆಯ ಪ್ರಕಾರ ಅದರ ಇರವನ್ನು ತೋರಿಸಿಕೊಡುವ ಮುಖ್ಯ ಗುರುತುಗಳಲ್ಲಿ ಕರುಣೆಯೂ ಒಂದು. ಈ ಬೋಧನೆ ಕನ್ನಡನಾಡಿನಲ್ಲಿ ಹೇಗೆ ಆಚರಣೆಗೆ ಬಂತೆಂಬುದನ್ನು ತಿಳಿಯಲು ಧಾರವಾಡ, ಹುಬ್ಬಳ್ಳಿ, ಗದಗ–ಬೆಟಗೇರಿಗಳ ನಡುವಿನ ಕರಿಮಣ್ಣಿನ ಬಯಲು ಒಳ್ಳೆಯ ನೆಲೆಯಾಗಿದೆ. ಮೊರಬ, ನವಲಗುಂದ, ಅಣ್ಣಿಗೇರಿಗಳನ್ನು ಒಳಗೊಂಡ ಬಹುಮಟ್ಟಿಗೆ ಮಳೆಯಾಶ್ರಿತವಾದ ಈ ಸೀಮೆಯಲ್ಲಿ 19ನೇ ಶತಮಾನದಿಂದ ಕ್ರೈಸ್ತ ಸಂಸ್ಥೆಗಳು ನಡೆಸಿದ ಸೇವೆಯು ಆ ಬೋಧನೆಯ ಬಲವನ್ನೂ ಅದು ಎದುರಿಸಿದ ಕಠಿಣ ಪ್ರಶ್ನೆಗಳನ್ನೂ ಒಟ್ಟಿಗೆ ತೋರಿಸುತ್ತದೆ.

ಧರ್ಮಗ್ರಂಥದ ಆಧಾರ

ಕರುಣೆಯ ಕ್ರೈಸ್ತ ಕಲ್ಪನೆಗೆ ಬುನಾದಿ ಇರುವುದು ಹಳೆಯ ಒಡಂಬಡಿಕೆಯಲ್ಲಿ. ಇಸ್ರೇಲ್ ಜನಾಂಗವು ಒಪ್ಪಂದವನ್ನು ಮುರಿದಾಗಲೂ ದೇವರು ಅದನ್ನು ಕೈಬಿಡಲಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಪ್ರವಾದಿಗಳು, ವಿಧವೆ, ಅನಾಥ ಮತ್ತು ಪರದೇಶಿಯನ್ನು ನಡೆಸಿಕೊಳ್ಳುವ ರೀತಿಯಿಂದಲೇ ಜನರ ಭಕ್ತಿಯನ್ನು ಅಳೆದರು. ಬಲಿಗಿಂತ ಕರುಣೆ ದೊಡ್ಡದೆಂದು ಹೋಶೇಯನು ಸಾರಿದರೆ, ನ್ಯಾಯ, ಕರುಣೆ ಮತ್ತು ದೀನತೆ ಇವೇ ದೇವರು ಮನುಷ್ಯನಿಂದ ಬಯಸುವ ಮೂರು ಸಂಗತಿಗಳೆಂದು ಮೀಕನು ಬೋಧಿಸಿದನು. ಸುಂಕದವರ ಜೊತೆ ಊಟಕ್ಕೆ ಕುಳಿತದ್ದಕ್ಕಾಗಿ ಆಕ್ಷೇಪ ಬಂದಾಗ ಯೇಸು ಹೋಶೇಯನ ಮಾತನ್ನೇ ಎತ್ತಿ ಆಡಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ.

ಪರ್ವತ ಪ್ರಸಂಗವೆಂದು ಹೆಸರಾದ ಬೋಧನೆಯಲ್ಲಿ ಕರುಣೆಯುಳ್ಳವರನ್ನು ಧನ್ಯರೆಂದು ಕರೆಯಲಾಗಿದ್ದು, ಅವರಿಗೂ ಕರುಣೆ ದೊರೆಯುವುದೆಂಬ ಭರವಸೆಯನ್ನು ಕೊಡಲಾಗಿದೆ. ಇದರ ಅರ್ಥವನ್ನು ಬಿಡಿಸಿ ಹೇಳುವ ಮೂರು ಬೋಧನೆಗಳು ಸುವಾರ್ತೆಗಳಲ್ಲಿವೆ. ಮೊದಲನೆಯದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿರುವ ಸಮಾರ್ಯದವನ ಕಥೆ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡೂ ಕಾಣದಂತೆ ದಾಟಿಹೋಗುತ್ತಾರೆ. ಯೆಹೂದ್ಯರು ಹೊರಗಿನವನೆಂದು ದೂರವಿಟ್ಟಿದ್ದ ಸಮಾರ್ಯದವನು ನಿಂತು, ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು, ಛತ್ರಕ್ಕೆ ಒಯ್ದು, ಖರ್ಚಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಾದರೆ ಮರಳಿ ಬಂದಾಗ ತೀರಿಸುವುದಾಗಿ ಹೇಳುತ್ತಾನೆ. ನನ್ನ ನೆರೆಯವನು ಯಾರೆಂಬ ಪ್ರಶ್ನೆಗೆ ಉತ್ತರವಾಗಿ ಹೇಳಿದ ಈ ಕಥೆಯ ಕೊನೆಯಲ್ಲಿ, ನೆರೆಯವನಾಗಿ ನಡೆದುಕೊಂಡವನು ಯಾರು ಎಂದು ಯೇಸು ಪ್ರಶ್ನೆಯನ್ನೇ ತಿರುಗಿಸುತ್ತಾನೆ. ಹೀಗೆ ಕರುಣೆಗೆ ಯಾರು ಪಾತ್ರರು ಎಂಬ ಎಣಿಕೆ ಹಿಂದೆ ಸರಿದು, ಕರುಣೆ ತೋರಬೇಕಾದವನ ಹೊಣೆಯೇ ಮುಂದೆ ಬರುತ್ತದೆ.

ಎರಡನೆಯದು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿರುವ ಕರುಣೆಯಿಲ್ಲದ ಆಳಿನ ಸಾಮ್ಯ, ಅಂದರೆ ತತ್ತ್ವವನ್ನು ತಿಳಿಸುವ ದೃಷ್ಟಾಂತಕಥೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿದ್ದ ಆಳೊಬ್ಬನಿಗೆ ಆ ಸಾಲವೆಲ್ಲ ಮನ್ನಾ ಆಗುತ್ತದೆ. ಅವನಾದರೋ ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯ ಆಳಿನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸುತ್ತಾನೆ. ದಿನಾರಿ ಎಂಬುದು ಅಂದಿನ ಕೂಲಿಯವನ ಒಂದು ದಿನದ ಗಳಿಕೆ, ತಲಾಂತು ಸುಮಾರು ಆರು ಸಾವಿರ ದಿನಾರಿಗೆ ಸಮ. ಎಂದಮೇಲೆ ಮೊದಲನೆಯ ಸಾಲ ಆರು ಕೋಟಿ ದಿನಗಳ ಕೂಲಿಯಷ್ಟಾಗಿ ಯಾವ ಆಳೂ ಏಳೇಳು ಜನ್ಮಕ್ಕೂ ತೀರಿಸಲಾಗದ್ದು, ಎರಡನೆಯದು ಮೂರು ತಿಂಗಳ ದುಡಿಮೆಯಲ್ಲಿ ತೀರಬಹುದಾದದ್ದು. ದೇವರಿಂದ ಅಷ್ಟು ದೊಡ್ಡ ಕ್ಷಮೆ ಪಡೆದವನು ಇಷ್ಟು ಸಣ್ಣ ತಪ್ಪನ್ನು ಮನ್ನಿಸದಿದ್ದರೆ ತಾನು ಪಡೆದುದನ್ನೇ ಅರಿತಿಲ್ಲವೆಂಬುದು ಈ ಸಾಮ್ಯದ ತಾತ್ಪರ್ಯ. ಕ್ರೈಸ್ತ ಚಿಂತನೆಯಲ್ಲಿ ಕರುಣೆ ತೋರುವುದು ಋಣಭಾವದಿಂದ ಹುಟ್ಟುವ ನಡೆಯಾಗಿದ್ದು, ಅದನ್ನು ಮೇಲಿನವನು ಕೆಳಗಿನವನಿಗೆ ಮಾಡುವ ಉಪಕಾರವೆಂದು ಎಣಿಸಲಾಗದು.

ಮೂರನೆಯದು ಅದೇ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ಅಂತ್ಯನ್ಯಾಯತೀರ್ಪಿನ ಚಿತ್ರ. ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು ಮತ್ತು ಸೆರೆಯಲ್ಲಿರುವವರು ಈ ಆರು ಬಗೆಯ ಜನರಿಗೆ ಮಾಡಿದ್ದನ್ನು ಕ್ರಿಸ್ತನು ತನಗೇ ಮಾಡಿದ್ದೆಂದು ಎಣಿಸುತ್ತಾನೆಂದು ಇಲ್ಲಿ ಹೇಳಲಾಗಿದೆ. ಒಳ್ಳೆಯದನ್ನು ಮಾಡಿದವರಿಗೂ ತಾವು ಅವನಿಗಾಗಿ ಮಾಡಿದೆವೆಂಬ ಅರಿವಿರಲಿಲ್ಲವೆಂಬುದು ಗಮನಿಸಬೇಕಾದ ಅಂಶ. ಪ್ರತಿಫಲದ ಲೆಕ್ಕವಿಲ್ಲದ ನಡೆಯನ್ನೇ ಈ ಬೋಧನೆ ನಿಜವಾದ ಕರುಣೆಯೆಂದು ಗುರುತಿಸುತ್ತದೆ. ಕರುಣೆ ತೋರದವನಿಗೆ ಕರುಣೆಯಿಲ್ಲದ ತೀರ್ಪು ಕಾದಿದೆಯೆಂದು ಯಾಕೋಬನ ಪತ್ರಿಕೆ ಎಚ್ಚರಿಸುವುದೂ ಇದೇ ಧಾಟಿಯಲ್ಲಿ.

ಕರುಣೆಯ ಕಾರ್ಯಗಳು ಮತ್ತು ಸಭೆಯ ಇತಿಹಾಸ

ಮತ್ತಾಯನ ಆರು ಕಾರ್ಯಗಳಿಗೆ, ತೋಬೀತನ ಗ್ರಂಥದ ಪ್ರಭಾವದಿಂದ, ಸತ್ತವರನ್ನು ಹೂಳುವುದನ್ನು ಸೇರಿಸಿ ಕಥೋಲಿಕ ಪರಂಪರೆಯು ಏಳು ಶಾರೀರಿಕ ಕರುಣಾಕಾರ್ಯಗಳನ್ನು ಎಣಿಸುತ್ತದೆ. ಇವುಗಳ ಜೊತೆಗೆ ಅರಿಯದವರಿಗೆ ಕಲಿಸುವುದು, ಸಂಶಯದಲ್ಲಿರುವವರಿಗೆ ದಾರಿ ತೋರುವುದು, ತಪ್ಪಿದವರನ್ನು ತಿದ್ದುವುದು, ದುಃಖಿಗಳನ್ನು ಸಂತೈಸುವುದು, ಅಪರಾಧವನ್ನು ಕ್ಷಮಿಸುವುದು, ಅನ್ಯಾಯವನ್ನು ತಾಳಿಕೊಳ್ಳುವುದು, ಬದುಕಿರುವವರಿಗೂ ಸತ್ತವರಿಗೂ ಪ್ರಾರ್ಥಿಸುವುದು ಎಂಬ ಏಳು ಆಧ್ಯಾತ್ಮಿಕ ಕಾರ್ಯಗಳಿವೆ. 13ನೇ ಶತಮಾನದ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್, ಪರರ ದುಃಖಕ್ಕೆ ಹೃದಯ ಮರುಗಿ ಸಾಧ್ಯವಾದರೆ ನೆರವಾಗುವಂತೆ ಒತ್ತಾಯಿಸುವ ಗುಣವೇ ಕರುಣೆಯೆಂದು ವಿವರಿಸಿ, ನೆರೆಯವರಿಗೆ ಸಂಬಂಧಿಸಿದ ಸದ್ಗುಣಗಳಲ್ಲಿ ಅದಕ್ಕೆ ಅಗ್ರಸ್ಥಾನ ಕೊಟ್ಟನು.

ಮೂರನೆಯ ಶತಮಾನದ ಮಧ್ಯದಲ್ಲಿ ಕಾರ್ತೇಜಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಅಲ್ಲಿಯ ಬಿಷಪ್ ಸಿಪ್ರಿಯನ್, ತಮ್ಮ ಮತದವರನ್ನಷ್ಟೇ ಅಲ್ಲದೆ ಹಿಂಸಿಸಿದವರನ್ನೂ ಆರೈಕೆ ಮಾಡುವಂತೆ ಸಭೆಯನ್ನು ಪ್ರೇರೇಪಿಸಿದನು. ಕೈಸರೈಯದ ಬಾಸಿಲ್ ಸುಮಾರು 370ರಲ್ಲಿ ಊರ ಹೊರಗೆ ರೋಗಿಗಳಿಗೂ ಬಡವರಿಗೂ ದಾರಿಹೋಕರಿಗೂ ಆಶ್ರಯ ನೀಡುವ ದೊಡ್ಡ ಕಟ್ಟಡಸಮೂಹವನ್ನು ಕಟ್ಟಿಸಿದನು. 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ಸತ್ಕಾರ್ಯಗಳಿಂದ ಮುಕ್ತಿಯನ್ನು ಗಳಿಸಲಾಗದೆಂದು ವಾದಿಸಿದರೂ ನಂಬಿಕೆಯ ಫಲವಾಗಿ ಕರುಣೆ ಕಾಣಿಸಿಕೊಳ್ಳಲೇಬೇಕೆಂದು ಬೋಧಿಸಿದರು. ಅವರ ನಂತರ ಜರ್ಮನಿಯಲ್ಲಿ ಬೆಳೆದ ಪಯಟಿಸಂ ಎಂಬ ಪಂಥವು ವೈಯಕ್ತಿಕ ಪರಿವರ್ತನೆ, ಬೈಬಲ್ ಓದು ಮತ್ತು ಸೇವೆಯನ್ನು ಒಂದಾಗಿ ಕಂಡಿತು. ಹಾಲೆ ನಗರದಲ್ಲಿ ಆಗಸ್ಟ್ ಹೆರ್ಮನ್ ಫ್ರಾಂಕೆ 17ನೇ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ ಅನಾಥಾಲಯ ಅದರ ಹೆಸರಾಂತ ಫಲ. ಧಾರವಾಡ ಸೀಮೆಗೆ ಬಂದ ಮಿಶನರಿಗಳು ಬೆಳೆದದ್ದು ಈ ಪಂಥದ ನೆರಳಿನಲ್ಲಿ.

ಧಾರವಾಡ ಸೀಮೆಗೆ ಬಂದ ಬಾಸೆಲ್ ಮಿಶನ್

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನ ಕೆಲಸಗಾರರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದವರು. ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆದ 1833ರ ಶಾಸನದ ನಂತರ, 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಘಟ್ಟದ ಮೇಲೆ ಠಾಣ್ಯಗಳು ಏರ್ಪಟ್ಟವು. ಮಿಶನರಿಗಳು ವಾಸಿಸಿ ಸುತ್ತಲ ಊರುಗಳಿಗೆ ಸಂಚಾರ ಹೊರಡುತ್ತಿದ್ದ ಕೇಂದ್ರವೇ ಠಾಣ್ಯ. ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಸಾಗುವ ದಾರಿಯಲ್ಲಿರುವ ಅಣ್ಣಿಗೇರಿಯೂ ಅದರ ಉತ್ತರಕ್ಕಿರುವ ನವಲಗುಂದ, ಮೊರಬಗಳ ಎರೆಹೊಲಗಳೂ ಈ ಮೂರು ಠಾಣ್ಯಗಳ ನಡುವಿನ ಬಯಲಿನಲ್ಲಿವೆ.

ಈ ಕೆಲಸಕ್ಕೆ ಬೇಕಾದ ಹಣ ಬಂದ ಬಗೆಯೂ ಗಮನಾರ್ಹವಾದದ್ದು. ಶ್ರೀಮಂತರ ದೇಣಿಗೆಯನ್ನಷ್ಟೇ ನೆಚ್ಚದೆ, 1855ರಿಂದ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಸಣ್ಣ ನಾಣ್ಯವನ್ನು ಮನೆಮನೆಯಿಂದ ಕೂಡಿಸುವ ಪದ್ಧತಿ ಬಾಸೆಲಿನಲ್ಲಿ ಆರಂಭವಾಗಿ, ಯುರೋಪಿನ ರೈತರು, ಕುಶಲಕರ್ಮಿಗಳು ಮತ್ತು ಮನೆಗೆಲಸದವರು ತಾವೆಂದೂ ಕಾಣದ ಊರುಗಳ ಜನರಿಗಾಗಿ ತಮ್ಮ ಗಳಿಕೆಯಲ್ಲಿ ಪಾಲು ತೆಗೆದಿಟ್ಟರು.

ಕ್ರೈಸ್ತರಾದವರು ಮನೆ, ಹೊಲ, ಕಸುಬು ಎಲ್ಲವನ್ನೂ ಕಳೆದುಕೊಳ್ಳುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಅವರನ್ನು ಬರಿಯ ದಾನದಿಂದ ಸಾಕುವುದು ಕರುಣೆಯಾಗದು, ದುಡಿದು ತಿನ್ನುವ ದಾರಿ ತೋರಬೇಕು ಎಂದು ನಂಬಿದ ಮಿಶನ್, ಗದಗಿನ ಸಮೀಪದ ಮಲಸಮುದ್ರದಲ್ಲಿ 1840ರ ದಶಕದ ಆರಂಭದಲ್ಲೇ ಒಕ್ಕಲುತನದ ವಸಾಹತೊಂದನ್ನು ಸ್ಥಾಪಿಸಿತು. ಕಾಲಜ್ಞಾನವೆಂಬ ಭವಿಷ್ಯವಾಣಿಗಳನ್ನು ನಂಬಿದ ಪಂಥವೊಂದರ ಅನುಯಾಯಿಗಳು ಗುಂಪಾಗಿ ಸೇರುವರೆಂಬ ನಿರೀಕ್ಷೆ ಈಡೇರದೆ ಆ ಪ್ರಯತ್ನ ವಿಫಲವಾಯಿತು. ಕರಾವಳಿಯಲ್ಲಾದರೆ ನೇಯ್ಗೆಯ ಕಾರ್ಖಾನೆ ಮತ್ತು 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಗಳು ಸಾವಿರಾರು ಕೈಗಳಿಗೆ ಕೆಲಸ ಕೊಟ್ಟವು. ಶಾಲೆಗಳಲ್ಲಿ ಜಾತಿಯ ಭೇದವಿಲ್ಲದೆ ಮಕ್ಕಳನ್ನು ಕೂಡಿಸಿದ್ದು, ಧಾರವಾಡದ ಬಾಸೆಲ್ ಮಿಶನ್ ಹೈಸ್ಕೂಲಿನಂತಹ ಸಂಸ್ಥೆಗಳು ಬೆಳೆದದ್ದು, ಮತ್ತು ಫರ್ಡಿನಾಂಡ್ ಕಿಟ್ಟೆಲ್ ದೀರ್ಘಕಾಲ ದುಡಿದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದದ್ದು ಇದೇ ಪರಂಪರೆಯಲ್ಲಿ. ಅರಿಯದವರಿಗೆ ಕಲಿಸುವುದೂ ಕರುಣೆಯ ಕಾರ್ಯವೆಂಬ ಹಳೆಯ ಎಣಿಕೆಗೆ ಇವು ಕನ್ನಡದ ನಿದರ್ಶನಗಳಾಗಿ ನಿಲ್ಲುತ್ತವೆ.

1876–78ರ ಬರ

ಈ ಸೀಮೆಯಲ್ಲಿ ಕರುಣೆಯ ಬೋಧನೆ ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದದ್ದು 1876ರಲ್ಲಿ ಮಳೆ ಕೈಕೊಟ್ಟಾಗ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳೂ ನೆರೆಯ ಬಳ್ಳಾರಿಯೂ ಮೈಸೂರು ಸಂಸ್ಥಾನವೂ ಈ ಬರಕ್ಕೆ ತುತ್ತಾದವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1860ರ ದಶಕದಲ್ಲಿ, ಹತ್ತಿಯ ಬೆಲೆ ಏರಿ ಧಾರವಾಡದ ಎರೆಮಣ್ಣಿನ ರೈತರ ಕೈಯಲ್ಲಿ ಹಣ ಓಡಾಡಿದ್ದು ನಿಜವಾದರೂ, ಯುದ್ಧ ಮುಗಿದು ಬೆಲೆ ಕುಸಿದ ಮೇಲೆ ಸಾಲ ಮಾತ್ರ ಉಳಿದಿತ್ತು. ರೈಲು ಈ ಭಾಗಕ್ಕೆ ಬಂದದ್ದು 1880ರ ದಶಕದಲ್ಲಿ. ಬರದ ಕಾಲದಲ್ಲಿ ಕಾಳು ಚಕ್ಕಡಿಗಳಲ್ಲಿ ಬರಬೇಕಾಗಿತ್ತು, ಚಕ್ಕಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಈ ಬರಕ್ಕೆ ಬಲಿಯಾದವರ ಸಂಖ್ಯೆ ಸುಮಾರು 55 ಲಕ್ಷವೆಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು.

ಆಗಿನ ಸರ್ಕಾರದ ಧೋರಣೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕರುಣೆಯ ಪ್ರಶ್ನೆ ಎಷ್ಟು ತೀಕ್ಷ್ಣವಾಗಿತ್ತೆಂಬುದು ತಿಳಿಯುತ್ತದೆ. ವೆಚ್ಚವನ್ನು ತಗ್ಗಿಸಲೆಂದು ಭಾರತ ಸರ್ಕಾರ ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಬರಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಕಾಳಿನ ಬೆಲೆ ಮತ್ತು ಅದರ ಮೇಲೆ ಅಲ್ಪ ಚಿಲ್ಲರೆಗೆ ಇಳಿಸಿದಾಗ, ಮುಂಬಯಿ ಪ್ರಾಂತದ ಕೂಲಿಕಾರರು ಕಾಮಗಾರಿಗಳನ್ನು ಬಿಟ್ಟುಹೋಗಿ ಪ್ರತಿಭಟಿಸಿದರು. ಉಣಿಸುವುದು ಕಡಿಮೆಯಾದಷ್ಟೂ ಬೊಕ್ಕಸಕ್ಕೆ ಒಳಿತೆಂಬ ಲೆಕ್ಕಾಚಾರ ಒಂದೆಡೆ, ಹಸಿದವನಲ್ಲಿ ಕ್ರಿಸ್ತನನ್ನೇ ಕಾಣಬೇಕೆಂಬ ಬೋಧನೆ ಇನ್ನೊಂದೆಡೆ. ಎರಡೂ ಕ್ರೈಸ್ತರೆನಿಸಿಕೊಂಡವರ ಬಾಯಿಂದಲೇ ಬಂದವು ಎಂಬುದನ್ನು ಈ ವಿಷಯದ ಚರಿತ್ರೆ ಮರೆಯುವಂತಿಲ್ಲ.

ಬಾಸೆಲ್ ಮಿಶನ್ ತನ್ನ ಠಾಣ್ಯಗಳಲ್ಲಿ ಹಸಿದವರಿಗೆ ಅನ್ನವಿಕ್ಕುವ ವ್ಯವಸ್ಥೆ ಮಾಡಿ, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಅನಾಥಾಲಯಗಳಿಗೆ ಸೇರಿಸಿಕೊಂಡಿತು. ಹಸಿವಿನಿಂದ ಸೊರಗಿ ಬಂದ ಮಕ್ಕಳಲ್ಲಿ ಅನೇಕರನ್ನು ಆರೈಕೆಯೂ ಉಳಿಸಲಾಗಲಿಲ್ಲ. ಉಳಿದವರು ಅಕ್ಷರವನ್ನೂ ಕಸುಬನ್ನೂ ಕಲಿತು ಮುಂದಿನ ಪೀಳಿಗೆಯ ಸಭೆಗೆ ಆಧಾರವಾದರು. ಬರದ ಕರುಣೆ ಅನ್ನದ ಪಂಕ್ತಿಯೊಂದಿಗೆ ಮುಗಿಯದೆ ಹದಿನೈದು ಇಪ್ಪತ್ತು ವರ್ಷಗಳ ಪಾಲನೆಯ ಹೊಣೆಯಾಗಿ ಮುಂದುವರಿದದ್ದು ಇದರ ವೈಶಿಷ್ಟ್ಯ. ಛತ್ರದವನಿಗೆ ಮರಳಿ ಬಂದು ತೀರಿಸುವೆನೆಂದ ಸಮಾರ್ಯದವನ ಮಾತಿನಲ್ಲಿರುವುದೂ ಇಂತಹ ದೀರ್ಘಕಾಲದ ಹೊಣೆಗಾರಿಕೆಯೇ.

ಪಡೆದವರೇ ಕೊಡುವವರಾದದ್ದು: ಪಂಡಿತಾ ರಮಾಬಾಯಿ

ಅದೇ ದಶಕದ ಬರಗಾಲ ಕನ್ನಡನಾಡಿನಲ್ಲಿ ಹುಟ್ಟಿದ ಇನ್ನೊಬ್ಬರ ಬದುಕನ್ನೂ ರೂಪಿಸಿತು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ಕಾರ್ಕಳ ಸೀಮೆಯ ಮಾಳದವರಾದ ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಗಳಿಗೆ ಸಂಸ್ಕೃತ ಕಲಿಸುವ ಏರ್ಪಾಡು ಮಾಡಿದ್ದರು. ತೀರ್ಥಯಾತ್ರೆಯಲ್ಲಿ ಅಲೆಯುತ್ತಿದ್ದ ಈ ಕುಟುಂಬದಲ್ಲಿ ತಂದೆ, ತಾಯಿ ಮತ್ತು ಅಕ್ಕ 1870ರ ದಶಕದಲ್ಲಿ ಹಸಿವಿನ ಬವಣೆಯಲ್ಲೇ ತೀರಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, 1896–97ರ ಬರದಲ್ಲಿ ಮಧ್ಯಪ್ರಾಂತಗಳಿಗೆ ತಾವೇ ಹೋಗಿ ಹಸಿದ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಪುಣೆಯ ಬಳಿಯ ಕೇಡಗಾವಿಗೆ ಕರೆತಂದರು. ಅಲ್ಲಿ ಬೆಳೆದ ಮುಕ್ತಿ ಮಿಶನ್ನಿನಲ್ಲಿ ಸಮಾಜ ಹೊರಹಾಕಿದ ಹೆಂಗಸರಿಗೆಂದೇ ಕೃಪಾಸದನವೆಂಬ ಮನೆಯಿತ್ತು. ಹಸಿವೆಯನ್ನು ಮೈಯಲ್ಲಿ ಅನುಭವಿಸಿದವರೇ ಹಸಿದವರ ಆಸರೆಯಾದ ಈ ಬದುಕು, ಕರುಣೆ ಕೊಡುವವರು ಮತ್ತು ಪಡೆಯುವವರು ಎಂಬ ಎರಡು ಪಂಗಡಗಳಿಲ್ಲವೆಂಬ ಸುವಾರ್ತೆಯ ಮಾತಿಗೆ ಭಾರತದ ಬಲವಾದ ಸಾಕ್ಷಿಗಳಲ್ಲೊಂದು.

ರೋಗಿಗಳ ಆರೈಕೆ

ಕರ್ನಾಟಕದಲ್ಲಿ ಕ್ರೈಸ್ತ ಕರುಣೆಯು ಸಂಸ್ಥೆಯ ರೂಪ ತಾಳಿದ್ದು ಹೆಚ್ಚಾಗಿ ಆಸ್ಪತ್ರೆಗಳಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಹಂಚುವುದರಿಂದ ತೊಡಗಿ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ತೆರೆದರು; ಊರು ಹೊರಗಿಟ್ಟವರನ್ನು ಮುಟ್ಟಿ ಶುಶ್ರೂಷೆ ಮಾಡುವುದು ಅಂದಿನ ದಿನಗಳಲ್ಲಿ ಔಷಧಕ್ಕಿಂತ ದೊಡ್ಡ ಉಪಚಾರವಾಗಿತ್ತು. ಬೆಂಗಳೂರಿನಲ್ಲಿ 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆ, ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಆರಂಭವಾದವು. ಉತ್ತರ ಕರ್ನಾಟಕದ ಬಯಲುಸೀಮೆಗೆ ಬಾಸೆಲ್ ಮಿಶನ್ನಿನ ವೈದ್ಯಕೀಯ ಸೇವೆಯ ಕೇಂದ್ರವಾದದ್ದು 20ನೇ ಶತಮಾನದ ಆರಂಭದಲ್ಲಿ ಗದಗ–ಬೆಟಗೇರಿಯಲ್ಲಿ ತಲೆಯೆತ್ತಿದ ಆಸ್ಪತ್ರೆ. ಜನ ಅದನ್ನು ಜರ್ಮನ್ ಆಸ್ಪತ್ರೆ ಎಂದು ಕರೆದರು.

ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ದೇಶದಿಂದ ಹೊರಕಳಿಸಿದ್ದರಿಂದ, ಸಭೆಯ ಮತ್ತು ಸೇವೆಯ ಹೊರೆಯಲ್ಲಿ ಬಹುಪಾಲು ಕನ್ನಡಿಗ ಬೋಧಕರು, ಶಿಕ್ಷಕರು ಮತ್ತು ದಾದಿಯರ ಹೆಗಲೇರಿತು. ದಾನ ಪಡೆದವರ ಮಕ್ಕಳು ಮೊಮ್ಮಕ್ಕಳೇ ದುಡಿಯುವ ಕೈಗಳಾದ ಈ ಬದಲಾವಣೆಯಿಂದ ಕರುಣೆ ಹೊರನಾಡಿನವರ ಕೊಡುಗೆಯಾಗಿ ಉಳಿಯದೆ ಈ ನೆಲದ ಸಭೆಯ ಸ್ವಂತ ಗುಣವಾಯಿತು.

ಕರುಣೆ ಮತ್ತು ಮತಾಂತರದ ಪ್ರಶ್ನೆ

ಹಸಿದವನಿಗೆ ಅನ್ನ ಕೊಟ್ಟು ಅವನ ನಂಬಿಕೆಯನ್ನು ಪಡೆದರೆ ಅದು ಕರುಣೆಯೋ ವ್ಯಾಪಾರವೋ ಎಂಬ ಪ್ರಶ್ನೆ ಬರಗಾಲದ ಸೇವೆಯ ಬೆನ್ನಿಗೇ ಎದ್ದಿತು, ಇಂದಿಗೂ ಚರ್ಚೆಯಲ್ಲಿದೆ. ಬಾಸೆಲ್ ಮಿಶನ್ನಿನ ಉದ್ದೇಶಗಳಲ್ಲಿ ಸುವಾರ್ತೆಯ ಪ್ರಸಾರ ಮೊದಲನೆಯದಾಗಿತ್ತೆಂಬುದನ್ನೂ, ಅನಾಥಾಲಯದ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರೆಂಬುದನ್ನೂ ಅಲ್ಲಗಳೆಯಲಾಗದು. ಹಾಗೆಯೇ, ದೀಕ್ಷಾಸ್ನಾನಕ್ಕೆ ಮೊದಲು ಬೋಧನೆ ಮತ್ತು ಪರೀಕ್ಷೆಯ ಅವಧಿಯನ್ನು ಮಿಶನ್ ವಿಧಿಸುತ್ತಿತ್ತೆಂಬುದೂ, ಕ್ರೈಸ್ತರಲ್ಲದ ಅಸಂಖ್ಯ ಜನ ಅದರ ಶಾಲೆಗಳಲ್ಲಿ ಕಲಿತು ಅದರ ಆಸ್ಪತ್ರೆಗಳಲ್ಲಿ ಗುಣವಾಗಿ ತಮ್ಮ ತಮ್ಮ ನಂಬಿಕೆಯಲ್ಲೇ ಉಳಿದರೆಂಬುದೂ ಅಷ್ಟೇ ನಿಜ. ಈ ಪ್ರಶ್ನೆಗೆ ಅಳತೆಗೋಲನ್ನು ಹೊರಗಿನಿಂದ ತರಬೇಕಾಗಿಲ್ಲ. ಗಾಯಗೊಂಡವನ ಮತವನ್ನು ಸಮಾರ್ಯದವನು ವಿಚಾರಿಸಲಿಲ್ಲ, ತನ್ನ ಮತಕ್ಕೆ ಬರುವಂತೆ ಕೇಳಲೂ ಇಲ್ಲ. ಆ ಕಥೆಯನ್ನು ತಮ್ಮದೆಂದು ಹೇಳುವವರು ಶರತ್ತಿಟ್ಟು ನೆರವಾದಲ್ಲೆಲ್ಲ ತಮ್ಮ ಗುರುವಿನ ಮಾತಿನಿಂದಲೇ ತಪ್ಪಿತಸ್ಥರಾಗುತ್ತಾರೆ; ಶರತ್ತಿಲ್ಲದೆ ನೆರವಾದಲ್ಲೆಲ್ಲ ಅವರ ಶಿಷ್ಯತ್ವಕ್ಕೆ ಬೇರೆ ಪ್ರಮಾಣ ಬೇಕಾಗುವುದಿಲ್ಲ.

ನೆಲದ ಪರಂಪರೆಗಳೊಡನೆ ನಂಟು

ಕರುಣೆಯ ಬೋಧನೆ ಈ ಸೀಮೆಗೆ ಹೊಸತೇನೂ ಆಗಿರಲಿಲ್ಲ. 12ನೇ ಶತಮಾನದಲ್ಲಿ ಬಸವಣ್ಣನವರು ದಯೆಯೇ ಧರ್ಮದ ಮೂಲವೆಂದು ಸಾರಿದ್ದರು. ದುಡಿದು ಗಳಿಸಿದ್ದನ್ನು ಸಮುದಾಯಕ್ಕೆ ಅರ್ಪಿಸುವ ದಾಸೋಹದ ಪದ್ಧತಿ ಮಠಗಳಲ್ಲಿ ಅನ್ನದ ಪಂಕ್ತಿಯಾಗಿ ಉಳಿದುಬಂದಿದೆ. ದಾಸೋಹದಲ್ಲಿ ಕೊಡುವವನು ತನ್ನನ್ನು ದಾಸನೆಂದು ಭಾವಿಸುತ್ತಾನೆ, ಕ್ರೈಸ್ತ ಬೋಧನೆಯಲ್ಲಿ ಕೊಡುವವನು ತಾನು ಮೊದಲೇ ಮನ್ನಾ ಪಡೆದ ಸಾಲಗಾರನೆಂದು ನೆನೆಯುತ್ತಾನೆ. ಎರಡರಲ್ಲೂ ಕೊಡುವವನ ಅಹಂಕಾರಕ್ಕೆ ಎಡೆಯಿಲ್ಲ. ಪರಂಪರೆಗಳು ಪರಸ್ಪರ ಗೌರವಿಸಿದ ಕುರುಹು ಮೊರಬದ ತಾಲೂಕು ಕೇಂದ್ರವಾದ ನವಲಗುಂದದಲ್ಲೇ ಇದೆ. ತತ್ವಪದಗಳ ಕವಿ ಶಿಶುನಾಳ ಶರೀಫರ ಸಮಕಾಲೀನರಾದ ಅಜಾತ ನಾಗಲಿಂಗ ಸ್ವಾಮಿಗಳ ಮಠದಲ್ಲಿ ಕನ್ನಡ ಬೈಬಲ್ಲಿನ ಒಂದು ಪ್ರತಿಯನ್ನು ಪೂಜ್ಯವೆಂದು ಕಾಪಾಡಿಕೊಂಡು ಬರಲಾಗಿದೆ.

ಇಂದಿನ ರೂಪ

1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಉದಯಿಸಿತು. ಬಾಸೆಲ್ ಮಿಶನ್ನಿನ ಈ ಭಾಗದ ಸಭೆಗಳು ಇಂದು ಅದರ ಕರ್ನಾಟಕ ಉತ್ತರ ಧರ್ಮಪ್ರಾಂತಕ್ಕೆ ಸೇರಿದ್ದು, ಧಾರವಾಡ ಅದರ ಕೇಂದ್ರವಾಗಿದೆ. ಕಥೋಲಿಕರ ಬೆಳಗಾವಿ ಧರ್ಮಪ್ರಾಂತ 1953ರಲ್ಲಿ ಸ್ಥಾಪನೆಯಾಯಿತು. ಪೋಪ್ ಫ್ರಾನ್ಸಿಸ್ 2015ರ ಡಿಸೆಂಬರಿನಿಂದ 2016ರ ನವೆಂಬರಿನವರೆಗಿನ ಅವಧಿಯನ್ನು ಕರುಣೆಯ ಜೂಬಿಲಿ ವರ್ಷವೆಂದು ಸಾರಿದಾಗ, ಹದಿನಾಲ್ಕು ಕರುಣಾಕಾರ್ಯಗಳ ಹಳೆಯ ಪಟ್ಟಿ ಲೋಕದಾದ್ಯಂತ ಮತ್ತೆ ಬೋಧನೆಯ ವಿಷಯವಾಯಿತು.

ಬೆಣ್ಣೆಹಳ್ಳ ಉಕ್ಕಿದರೆ ನೆರೆ, ಮಳೆ ತಪ್ಪಿದರೆ ಬರ ಎಂಬ ಸ್ಥಿತಿಯಲ್ಲಿರುವ ನವಲಗುಂದದಂತಹ ಸೀಮೆಯಲ್ಲಿ ಸಂಕಟಗಳ ಸ್ವರೂಪ ಬದಲಾಗಿದೆ. ಸಾಲದ ಹೊರೆ ಹೊತ್ತ ರೈತ, ದುಡಿಯಲು ಊರು ಬಿಟ್ಟ ಮಕ್ಕಳಿಂದ ದೂರವಾಗಿ ಒಂಟಿಯಾದ ಮುದುಕರು, ಕುಡಿತಕ್ಕೆ ಸಿಕ್ಕಿ ಒಡೆದ ಮನೆಯವರು ಇವರೆಲ್ಲ ಇಂದಿನ ದಾರಿಬದಿಯ ಗಾಯಾಳುಗಳು. ಆಸ್ಪತ್ರೆ ಮತ್ತು ಶಾಲೆಗಳ ಹೊಣೆಯನ್ನು ಸರ್ಕಾರವೂ ಖಾಸಗಿಯವರೂ ಬಹುಮಟ್ಟಿಗೆ ಹೊತ್ತುಕೊಂಡಿರುವ ಕಾಲದಲ್ಲಿ ಸಭೆಯ ಕರುಣೆಯು ಕಟ್ಟಡಗಳನ್ನಷ್ಟೇ ನೆಚ್ಚಿ ಉಳಿಯಲಾರದು. ಜಗಳವಾಡಿದ ಅಣ್ಣತಮ್ಮಂದಿರು ರಾಜಿಯಾಗುವಲ್ಲಿ, ಬೇರೆ ಜಾತಿಯ ರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಕೂರುವಲ್ಲಿ, ತೀರಿಸಲಾಗದವನ ಸಾಲವನ್ನು ಬಿಟ್ಟುಕೊಡುವಲ್ಲಿ ಪ್ರತಿಯೊಬ್ಬ ಶಿಷ್ಯನೂ ಅದನ್ನು ಸ್ವತಃ ನಡೆಸಬೇಕಾಗುತ್ತದೆ. ಸಂಸ್ಥೆಗಳು ಸಾಮಾನ್ಯರ ಇಂತಹ ನಡೆಯಿಂದಲೇ ಹುಟ್ಟಿದವು ಎಂಬುದನ್ನು ವಾರಕ್ಕೆ ಅರ್ಧ ಬಾಟ್ಸೆನ್ ಕೂಡಿಟ್ಟವರ ಚರಿತ್ರೆ ತೋರಿಸಿಕೊಟ್ಟಿದ್ದು, ಕ್ರೈಸ್ತ ಶಿಷ್ಯತ್ವದ ಮುಂದಿನ ಪರೀಕ್ಷೆಯೂ ಆ ಸಾಮಾನ್ಯ ನಡೆಯಲ್ಲೇ ಇದೆ.